ಉಬ್ಬಿತು, ಇಳಿಯಿತು

ಅಕ್ಕನ ಮಗ ಚೋ ಜೇಯ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದು ಬಹಳ ಮರ್ಯಾದೆಯಿಂದಲೇ. ಬಾಗಿಲವರೆಗೂ ಬಂದು, ಛತ್ರಿ ಕೈಗೆ ಕೊಟ್ಟ.

"ಚಿಕ್ಕಮ್ಮ, ಅಮ್ಮನ ಕೊನೆಗಾಲ ಇದು. ಮನಸ್ಸು ತಿಳಿಯಾಗಿದ್ರೇನೇ ಮುಂದಿನ ಜನ್ಮ ಚೆನ್ನಾಗಿರೋದು. ನೀವು ಬಂದ್ರೆ ಕೋಣೆ ಸಂತೆ ಆಗುತ್ತೆ. ಸುಮ್ನೆ ಕೂರೋದು ಕಲ್ತು ಬನ್ನಿ," ಅಂದ.

ಇವನ ಮೂಗು ಒರೆಸಿ ಬೆಳೆಸಿದವಳು ನಾನು. ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಹೇಳಿದ್ದು ಸುಳ್ಳೂ ಅಲ್ಲ. ಮಾಂಡಲೆಯ ಮಾರುಕಟ್ಟೆಯಲ್ಲಿ ತಿನ್ನಲೆಂದು ಹುಳಿ ಬರಿಸಿದ ಚಹಾ ಎಲೆ ಮಾರುವವಳು ನಾನು; ಬಾಯಿ ಮುಚ್ಚಿದರೆ ಅಂಗಡಿಯನ್ನೂ ಮುಚ್ಚಬೇಕು. ಅಕ್ಕನ ಹಾಸಿಗೆಯ ಪಕ್ಕದಲ್ಲೂ ದಿಂಬು ಎಳೆದಾಡಿದೆ, ಡಾಕ್ಟರನ್ನು ಬೈದೆ, ಕೊನೆಗೆ ಗೊಳೋ ಎಂದು ಅತ್ತೂಬಿಟ್ಟೆ. ಸಾಯುವವರ ಎದುರು ಅಳುವುದೆಂದರೆ ನಮ್ಮಲ್ಲಿ ಅವರ ದಾರಿಗೆ ಅಡ್ಡ ಮಲಗಿದ ಹಾಗೆ. ಈಗ ನಾನಿಲ್ಲದಾಗ ಅಕ್ಕ ಹೊರಟುಬಿಟ್ಟರೆ ಏನು ಗತಿ? ಮರುದಿನವೇ ನದಿ ದಾಟಿ, ಸಗಾಯಿಂಗ್ ಗುಡ್ಡದ ಧ್ಯಾನಕೇಂದ್ರ ಸೇರಿ, ಅಲ್ಲಿ ಎಲ್ಲರೂ ಉಡುವ ಕಂದು ಲುಂಗಿ ಉಟ್ಟು ಕೂತೆ.

ಉಸಿರಿಗೆ ಹೊಟ್ಟೆ ಉಬ್ಬಿದರೆ ‘ಉಬ್ಬಿತು’, ಇಳಿದರೆ ‘ಇಳಿಯಿತು’ ಎಂದು ಮನಸ್ಸಿನಲ್ಲೇ ಗುರುತಿಸಬೇಕು. ಬೇರೇನು ಬಂದರೂ ಅದನ್ನೂ ಹಾಗೇ ಗುರುತಿಸಬೇಕು. ಆಮೇಲೆ ಒಬ್ಬೊಬ್ಬರೇ ಸನ್ಯಾಸಿನಿ ಕುಸಲಾವತಿಗೆ ಅಡ್ಡಬಿದ್ದು, ಕಂಡದ್ದನ್ನು ಒಪ್ಪಿಸಬೇಕು. ‘ಸಯಾಲೇ’ ಎಂದು ನಾವೆಲ್ಲ ಕೈಮುಗಿಯುವ ಆಕೆಗೆ ನನ್ನ ಮಗಳ ವಯಸ್ಸು. ಬೋಳುತಲೆ, ಗುಲಾಬಿ ಬಟ್ಟೆ, ನಿದ್ದೆಗಣ್ಣು. ಇವಳು ನನಗೇನು ಕಲಿಸಿಯಾಳು ಅಂದುಕೊಂಡೆ.

ಹೊಟ್ಟೆ ಒಮ್ಮೆ ಉಬ್ಬುವಷ್ಟರಲ್ಲಿ ನನ್ನ ಮನಸ್ಸು ನದಿ ದಾಟಿರುತ್ತಿತ್ತು. ಅಕ್ಕ ಗಂಜಿ ಕುಡಿದಳೋ ಇಲ್ಲವೋ? ಸೊಸೆ ಕಿಟಕಿ ತೆಗೆದಳೋ? ಮೊಣಕಾಲು ನೋವು, ಕಿವಿಯಲ್ಲಿ ಸೊಳ್ಳೆ. ಮಧ್ಯಾಹ್ನದ ಮೇಲೆ ಊಟವಿಲ್ಲವೆಂಬ ಸಂಕಟ ಬೇರೆ. ಹಿಂದಿನ ಚಾಪೆಯವಳು ಮೂಗೆಳೆಯುತ್ತಿದ್ದಳು. ಎದ್ದು ಹೋಗಿ ಅವಳ ಮೂಗು ಹಿಂಡಬೇಕು ಅನಿಸುತ್ತಿತ್ತು.

ಜಗುಲಿಯಲ್ಲಿ ಸರದಿ ಕಾಯುವಾಗ ಒಳಗಿನ ಮಾತು ಕೇಳುತ್ತದೆ. ಸದ್ದೇ ಇಲ್ಲದೆ ಕೂರುತ್ತಿದ್ದ ಒಬ್ಬ ಟೀಚರಮ್ಮ, ತನಗೆ ಬೆಳಕು ಕಂಡಿತು, ಮೈ ಹತ್ತಿಯಂತೆ ಹಗುರಾಯಿತು ಎಂದು ಒಪ್ಪಿಸಿದಳು. ಸಯಾಲೇ ತಲೆಯಾಡಿಸಿದಳು. ಓಹೋ, ಪಾಸಾಗುವುದು ಹೀಗೋ! ಒಳಗೆ ಹೋಗಿ ನಾನೂ ಅದೇ ಬೆಳಕು, ಅದೇ ಹತ್ತಿ ಎಲ್ಲ ಒಪ್ಪಿಸಿಬಿಟ್ಟೆ.

"ಬೆಳಕು ಕಂಡಾಗ ನಿಮ್ಮ ಕಾಲ್ಬೆರಳು ಏನು ಮಾಡ್ತಿತ್ತು?" ಎಂದು ಸಯಾಲೇ ಕೇಳಿದಳು.

"ಚಾಪೆ ಕುಟ್ತಿತ್ತು," ಅಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಬೈಯಲಿಲ್ಲ, ಮೊದಲ ಸಲ ನಕ್ಕಳು. ಯಾಕೆ ಬಂದಿರಿ ಎಂದು ಕೇಳಿದಳು. ಅಕ್ಕನ ವಿಷಯವೆಲ್ಲ ಹೇಳಿದೆ. ನೀವು ಹೊಟ್ಟೆ ನೋಡುವುದು ಈಗಲೇ ಬೇಡ, ಚಡಪಡಿಕೆ ಎಲ್ಲಿಂದ ಹೊರಡುತ್ತದೆ, ಅಷ್ಟು ನೋಡಿಕೊಂಡು ಬನ್ನಿ ಅಂದಳು. ನೋಡಿದೆ. ಅದು ಕಾಲಿನಿಂದ ಹೊರಡುವುದಲ್ಲ, ಗಂಟಲಿನಿಂದ. ಮಾತು ತಡೆದಾಗಲೆಲ್ಲ ನಾಲಿಗೆ ಹೋಗಿ ಹಲ್ಲಿಗೆ ಒತ್ತಿಕೊಳ್ಳುತ್ತದೆ, ಅಲ್ಲಿಂದ ಕುದಿ ಶುರು. ಅದನ್ನೇ ಒಪ್ಪಿಸಿ, ಜಗಳಕ್ಕೇ ನಿಂತೆ.

"ಗುರುತಿಸಿದೆ ಸಯಾಲೇ, ಆದ್ರೂ ನಿಲ್ತಾ ಇಲ್ಲ."

"ನಿಲ್ಸಿ ಅಂದೋರು ಯಾರು? ಗುರುತಿಸಿ ಅಂದೆ ಅಷ್ಟೇ. ಒಂದು ಕೆಲ್ಸ ಮಾಡಿ. ಬೇರೆಯವ್ರು ಮನಸ್ಸಲ್ಲಿ ಹೇಳ್ಕೊಳ್ಳೋದನ್ನ ನೀವು ಬಾಯಿಬಿಟ್ಟು ಮೆಲ್ಲಗೆ ಹೇಳಿ. ಬಾವಿ ಹಿಂದೆ ಹೋಗಿ ಕೂತ್ಕೊಳ್ಳಿ, ಯಾರಿಗೂ ತೊಂದ್ರೆ ಆಗಲ್ಲ."

ಇಡೀ ಕೇಂದ್ರದಲ್ಲಿ ಬಾಯಿಬಿಡಲು ಅಪ್ಪಣೆ ಸಿಕ್ಕಿದ್ದು ನನಗೊಬ್ಬಳಿಗೆ. ಬಾವಿಯ ಹಿಂದೆ ಕೂತು ಗೊಣಗಿದೆ. ಉಬ್ಬಿತು. ಇಳಿಯಿತು. ಏಳಬೇಕು ಅನಿಸುತ್ತಿದೆ. ಅಕ್ಕ ನೆನಪಾದಳು. ಉಬ್ಬಿತು. ಚಡಪಡಿಕೆ ಹೋಗಲಿಲ್ಲ. ಆದರೆ ಅದರ ಜೊತೆಯಲ್ಲೇ ಕೂರುವುದು ಬಂತು.

ಅಷ್ಟರಲ್ಲಿ ಅಕ್ಕನಿಗೆ ಇನ್ನು ಹೆಚ್ಚು ಹೊತ್ತಿಲ್ಲವೆಂದು ಊರಿನಿಂದ ಫೋನ್ ಬಂತು. ಸಯಾಲೇಗೆ ಅಡ್ಡಬಿದ್ದು, ಕಂದು ಲುಂಗಿಯಲ್ಲೇ ಓಡಿದೆ.

ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಕೈಗಳು ಹೊದಿಕೆಯನ್ನು ಒಂದೇ ಸಮನೆ ಕೀಳುತ್ತಿದ್ದವು, ತಲೆ ಆಚೆ ಈಚೆ ಹೊರಳುತ್ತಿತ್ತು. ಚೋ ಜೇಯ ನನ್ನನ್ನು ನೋಡಿ ತುಟಿಗೆ ಬೆರಳಿಟ್ಟ. ನಾನು ಕಂಬದಂತೆ ಕೂತೆ. ಸಾಯುತ್ತಿರುವ ಅಕ್ಕನ ಪಕ್ಕದಲ್ಲಿ ಒಂದು ಮಾತಿಲ್ಲ, ಒಂದು ತೊಟ್ಟು ಕಣ್ಣೀರಿಲ್ಲ. ಇವನಿಗೆ ಸಮಾಧಾನವಾಗಿರಬೇಕು.

"ಸಾನ್ ಯೀ ಬರ್ಲೇ ಇಲ್ವಾ?" ಅಕ್ಕ ಕೇಳಿದಳು.

ಚಿಕ್ಕಮ್ಮ ಇಲ್ಲೇ ಇದ್ದಾರೆ ಎಂದ ಮಗ.

"ಸುಳ್ಳು. ಅವಳಿದ್ರೆ ನಂಗೆ ಕೇಳ್ತಿರ್ಲಿಲ್ವಾ?"

ನಾಲಿಗೆ ಹಲ್ಲಿಗೆ ಒತ್ತಿಕೊಂಡಿತು. ಗುರುತಿಸಿದೆ. ಹೊದಿಕೆಯ ಕೆಳಗೆ ಅಕ್ಕನ ಹೊಟ್ಟೆ ಉಬ್ಬುವುದು ಕಂಡಿತು. ಅದರ ಮೇಲೆ ಅಂಗೈ ಇಟ್ಟು, ಬಾವಿಯ ಹಿಂದೆ ಗೊಣಗಿದ ಹಾಗೆಯೇ ಗೊಣಗಿದೆ.

"ಉಬ್ಬಿತು, ಅಕ್ಕ. ಇಳಿಯಿತು."

ತಲೆ ಹೊರಳುವುದು ನಿಂತಿತು.

"ಬಂದ್ಯೇನೇ, ವಟವಟ," ಎಂದಳು. "ಹೇಳ್ತಿರು."

ಚೋ ಜೇಯ ಹಾಸಿಗೆಯ ಪಕ್ಕದಿಂದ ಹಿಂದೆ ಸರಿದ. ಉಬ್ಬಿತು, ಇಳಿಯಿತು. ಹೊದಿಕೆ ಕೀಳುತ್ತಿದ್ದ ಕೈ ಬಂದು ನನ್ನ ಕೈಮೇಲೆ ಕೂತಿತು. ಹೊರಗೆ ಬಿಸಿಲು ಇಳಿಯುವವರೆಗೂ ಹೇಳಿದೆ. ಹೇಳುತ್ತ ಹೇಳುತ್ತ ಎರಡು ಮಾತಿನ ನಡುವೆ ಜಾಗ ಹೆಚ್ಚಾಯಿತು. ಇಳಿಯಿತು ಎಂದೆ. ಮುಂದಿನ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಅಂಗೈ ಕಾಯುತ್ತಿತ್ತು, ಅದನ್ನು ಹೇಳುವ ಹೊತ್ತು ಬರಲೇ ಇಲ್ಲ.

"ಅಳು ಬರ್ತಿದೆ," ಎಂದು ಬಾಯಿಬಿಟ್ಟು ಗುರುತಿಸಿದೆ.

ಬಂತು. ನಿಲ್ಲಿಸಲಿಲ್ಲ.