ಜವಾರಿ ದನಿ

ಮ್ಹೈಸಾಳದ ಹೊಳೆದಂಡೆಯಲ್ಲಿ ಶಿವನಿಗೂ ಕಬ್ಬಿಗೂ ನಡುವೆ ಒಂದೇ ಗೋಡೆ. ಈಚೆ ಗುಡಿ, ಆಚೆ, ರೈತರೆಲ್ಲ ಶೇರು ಹಾಕಿ ಕಟ್ಟಿಸಿದ ಲಿಫ್ಟ್ ಸೊಸೈಟಿಯ ಪಂಪ್‌ಹೌಸ್. ಕೃಷ್ಣೆಯ ನೀರನ್ನು ಮೇಲಕ್ಕೆತ್ತುವ ಮೋಟರುಗಳು ಅಲ್ಲಿ ಹಗಲಿರುಳು ತಿರುಗುತ್ತವೆ. ಅವನ್ನು ನೋಡಿಕೊಳ್ಳುವ ಶಿದ್ರಾಮ ಅಥಣಿ ಕಡೆಯಿಂದ ಕೂಲಿಗೆ ಬಂದವನು. ಸೋಮವಾರ ಪಾಳಿ ಮುಗಿದದ್ದೇ ಕೈಯ ಗ್ರೀಸು ತೊಳೆದು, ವಿಭೂತಿ ಹಚ್ಚಿಕೊಂಡು, ಗೋಡೆ ಬಳಸಿ ಗುಡಿಗೆ ಬರುತ್ತಿದ್ದ. ಭಜನೆಯಲ್ಲಿ ಅವನದು ಎಲೆಕ್ಟ್ರಿಕ್ ಗಿಟಾರು.

ಸಾಂಗ್ಲಿಯ ಆರ್ಕೆಸ್ಟ್ರಾದವರು ಹಳೆಯದಾಯಿತೆಂದು ಬಿಟ್ಟುಕೊಟ್ಟ ಗಿಟಾರು ಅದು. ತೊಡೆಯ ಮೇಲೆ ಮಲಗಿಸಿ, ಎಡಗೈಯ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿದರೆ ಮನುಷ್ಯರ ಹಾಗೆ ಎಳೆದು ಹಾಡುತ್ತಿತ್ತು. ಒಂದು ನುಡಿ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಅದೇ ಧಾಟಿಯನ್ನು ಬಾರಿಸುವುದು ಅವನ ಕೆಲಸ. ಆ ಸಂದಿಗಾಗಿಯೇ ಅವನು ವಾರವೆಲ್ಲ ಕಾಯುತ್ತಿದ್ದ.

ಹಿಂದಿನ ಸೋಮವಾರ ಎಲ್ಲ ಕೆಟ್ಟಿತು. ಸೊಸೈಟಿಯವರು ಹೊಸ ದೊಡ್ಡ ಮೋಟರನ್ನು ಗೋಡೆಗೆ ಒತ್ತಿ ಕೂಡಿಸಿದ್ದರು. ತಂತಿಗಳ ಕೆಳಗೆ ಕೂತು ಅವುಗಳ ನಡುಕ ಹಿಡಿದು ಸ್ಪೀಕರಿನ ಪೆಟ್ಟಿಗೆಗೆ ಕಳಿಸುವ ಪಿಕಪ್ಪು, ತಂತಿಯ ಜೊತೆಗೆ ಆ ಮೋಟರನ್ನೂ ಹಿಡಿಯತೊಡಗಿತು. ಗುಂಯ್ ಎಂಬ ಗದ್ದಲ ಗುಡಿ ತುಂಬಿತು. ಹಾಡುತ್ತಿದ್ದ ಸಂಗವ್ವ ನಡು ನುಡಿಯಲ್ಲೇ ನಿಲ್ಲಿಸಿ, ಯಾರನ್ನೂ ಬೈಯದೆ, ಸುಮ್ಮನೆ ಕೈಮುಗಿದುಬಿಟ್ಟಳು. ವಯಸ್ಸಿಗೆ ಅವಳ ದನಿ ಹತ್ತಿಯ ಎಳೆಯಷ್ಟು ಸಣ್ಣದಾಗಿತ್ತು. ಅವಳ ತಮ್ಮ ಗುರುಪಾದ, ಮಿರಜ ಪೇಟೆಯ ಬೆಲ್ಲದ ವ್ಯಾಪಾರಿ, ಭಜನಿ ಮಂಡಳಿಯ ಹಿರಿಯ. ಅವನು ಮಾತ್ರ ಸುಮ್ಮನಿರಲಿಲ್ಲ.

"ಮುಂದಿನ ಸೋಮಾರ ಈ ಪೆಟಗಿ ಗುಂಯ್ ಅಂದ್ರ, ಅದನ್ನೂ ನಿನ್ನೂ ಗೋಡಿ ಆಚೆ ಇಡ್ತೀನಿ, ತಮ್ಮಾ. ಅಕ್ಕನ ದನಿ ಉಳದದ್ದ ಇಷ್ಟ."

ಮೋಟರು ಬಂದ್ ಮಾಡೋಣವೆಂದರೆ ಸೋಮವಾರ ಸಂಜೆ ಮೇಲಿನ ಹೊಲಗಳ ನೀರಿನ ಪಾಳಿ. ನೀರು ತಪ್ಪಿದರೆ ಶಿದ್ರಾಮನ ಕೆಲಸವೂ ತಪ್ಪಿತು. ಬದಲಾಗಬೇಕಾದದ್ದು ಗಿಟಾರೇ.

ಹೀಗಾಗಿ ಈ ಸೋಮವಾರ ಬೆಳಿಗ್ಗೆ ರಜೆ ಹಾಕಿ, ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಿರಜಿಗೆ ಹೋದ. ಸಿತಾರು ಮಾಡುವವರ ಓಣಿಯ ಕೊನೆಗೆ ಧೋಂಡಿಬಾನ ಅಂಗಡಿ. ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವುದು ಧೋಂಡಿಬಾನ ಹೊಟ್ಟೆಪಾಡು. ಓಣಿಯವರ ಸಹವಾಸದಿಂದ ವಾದ್ಯಗಳ ಕೆಲಸವೂ ಕೈಗೆ ಹತ್ತಿತ್ತು. ಪಿಕಪ್ಪನ್ನು ಬಿಚ್ಚಿ ನೋಡಿದವನೇ ರೋಗ ಹೇಳಿದ: ಇದರಲ್ಲಿ ಒಂದೇ ಸುರುಳಿ, ಅದಕ್ಕೇ ಗದ್ದಲ. ಪಕ್ಕಪಕ್ಕ ಎರಡು ಸುರುಳಿ, ಒಂದಕ್ಕೊಂದು ಉಲ್ಟಾ ಕೂಡಿಸಿದರೆ ಮೋಟರಿನ ಗುಂಗು ಒಂದರಲ್ಲಿ ಹುಟ್ಟಿ ಇನ್ನೊಂದರಲ್ಲಿ ಸಾಯುತ್ತದೆ, ತಂತಿಯ ದನಿ ಉಳಿಯುತ್ತದೆ. ಆದರೆ ಅಷ್ಟು ಸಣ್ಣ ತಂತಿ ತನ್ನಲ್ಲಿಲ್ಲ, ಸಾಂಗ್ಲಿಯಿಂದ ತರಬೇಕು ಎಂದ.

ಶಿದ್ರಾಮ ಹೊರಡುವ ಅವಸರದಲ್ಲಿ ಹೊಸ್ತಿಲಲ್ಲೇ ನಿಂತು ಹೇಳಿದ, "ಮಾಮಾ, ಗದ್ಲ ಹೋದ್ರ ಸಾಲದು. ದನಿ ಜವಾರಿ ಆಗಬೇಕು ನೋಡ್ರಿ."

"ಜವಾರಿ ಪಾಯಿಜೆ? ಬೇಕಾ? ಆತು, ಹೋಗಿ ಬಾ," ಎಂದು ಧೋಂಡಿಬಾ ನಕ್ಕ.

ಸಾಂಗ್ಲಿಯಲ್ಲಿ ಕೂದಲೆಳೆಯಂಥ ತಂತಿ ಸಿಗುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಅವನು ಮರಳಿದಾಗ ಗಿಟಾರಿನ ತಂತಿಗಳೆಲ್ಲ ಬಿಚ್ಚಿದ್ದವು, ಧೋಂಡಿಬಾನ ಬೆರಳಿಗೆ ಬಿಳಿ ಪುಡಿ ಮೆತ್ತಿತ್ತು. ಶಿದ್ರಾಮನಿಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ. ಧೋಂಡಿಬಾ ಸುರುಳಿ ತುಂಬುತ್ತಿದ್ದ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತ. ಎಳೆ ಎಲ್ಲಿ ಹರಿಯುತ್ತದೋ ಎಂದು ಉಸಿರು ಬಿಗಿಹಿಡಿದ. ಒಮ್ಮೆ ಹರಿದೇಬಿಟ್ಟಿತು, ಮೊದಲಿನಿಂದ ಸುತ್ತಬೇಕಾಯಿತು. ಹೊರಗೆ ಬಿಸಿಲು ಎದುರಿನ ಗೋಡೆಗೆ ಏರುತ್ತಿತ್ತು. ಎರಡು ಸುರುಳಿ ತುಂಬಿ, ಬೆಸುಗೆ ಹಾಕಿ, ತಂತಿ ಬಿಗಿಯುವಷ್ಟರಲ್ಲಿ ಮ್ಹೈಸಾಳದ ಬಸ್ಸಿನ ಹೊತ್ತಾಗಿತ್ತು.

ಧೋಂಡಿಬಾ ಅಂಗಡಿಯ ಪೆಟ್ಟಿಗೆ ಚಾಲೂ ಮಾಡಿ, ಬೇಕೆಂದೇ ತನ್ನ ಯಂತ್ರದ ಮೋಟರನ್ನು ಬದಿಯಲ್ಲೇ ತಿರುಗಲು ಬಿಟ್ಟ. ಗಿಟಾರು ಬಾವಿಯ ತಳದಷ್ಟು ನಿಶ್ಶಬ್ದ. ಶಿದ್ರಾಮ ಮನಸ್ಸಿನಲ್ಲೇ ಶಿವನಿಗೆ ಕೈಮುಗಿದು ತಂತಿ ಮೀಟಿದ.

ಝೇಂ ಎಂದಿತು. ಇನ್ನೊಂದು ಮೀಟಿದ. ಅದೂ ಝೇಂ. ಪ್ರತಿ ತಂತಿಗೂ ದುಂಬಿ ಕಟ್ಟಿದ ಹಾಗೆ.

"ಮಾಮಾ, ಇದೇನ್ರಿ?"

"ನೀನ ಹೇಳಿದ್ದಿ ನೋಡ, ಜವಾರಿ ಅಂತ. ತಂತಿ ಕೂಡ್ರೋ ಎಲುಬಿನ ಪಟ್ಟೀನ ತಿಕ್ಕಿ ತಿಕ್ಕಿ ಸಾಪಾಟ ಮಾಡೇನಿ. ಸತಾರಿಗೂ ಹಿಂಗ ಮಾಡತೀವಿ. ಅಸ್ಸಲ್ ಮಿರಜೇಚಿ ಜವಾರಿ."

ಶಿದ್ರಾಮನ ಊರಿನಲ್ಲಿ ಜವಾರಿ ಎಂದರೆ ಬೆರಕೆಯಿಲ್ಲದ್ದು, ನಮ್ಮ ನೆಲದ್ದು. ಈ ಓಣಿಯಲ್ಲಿ ಜವಾರಿ ಎಂದರೆ ಆ ಝೇಂಕಾರ.

"ನಾ ಅಂದಿದ್ದು ಜ್ವಾಳದ ಜವಾರಿ, ಮಾಮಾ. ಸಾಫ್ ದನಿ."

"ಜ್ವಾಳದ್ದು ಬೇಕಿದ್ರ ಗಿರಣಿಗೆ ಹೋಗಬೇಕಿತ್ತಪ್ಪ, ನನ್ನ ಕಡೆ ಯಾಕ ಬಂದಿ?" ಎಂದ ಧೋಂಡಿಬಾ. ಆದರೆ ಶಿದ್ರಾಮನ ಮುಖ ನೋಡಿ ಅವನ ನಗುವೂ ಇಳಿಯಿತು. ತಿಕ್ಕಿದ ಎಲುಬು ಮತ್ತೆ ಬೆಳೆಯುವುದಿಲ್ಲ. ಹೊಸದನ್ನು ಕೊರೆಯಲು ಇವತ್ತು ಹೊತ್ತಿಲ್ಲ. ತಂತಿಯ ಕೆಳಗೆ ಕಾಗದದ ಚೂರು ಸಿಕ್ಕಿಸಿ ನೋಡಿದರು. ಝೇಂಕಾರದ ಜೊತೆ ದನಿಯೂ ಸತ್ತು, ಒಡಕು ಗಡಿಗೆ ಬಡಿದಂತಾಯಿತು. ಕಾಗದ ಕಿತ್ತೆಸೆದು ಶಿದ್ರಾಮ ಬಸ್ಸಿಗೆ ಓಡಿದ.

ಗುಡಿಯಲ್ಲಿ ದೀಪ ಹಚ್ಚಿಯಾಗಿತ್ತು. ಗೋಡೆಯಾಚೆ ಮೋಟರು ಗುಡುಗುತ್ತಿತ್ತು. ಮಂಡಳಿಯವರೆಲ್ಲ ತಾಳ ಕೈಯಲ್ಲಿ ಹಿಡಿದು ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಶಿದ್ರಾಮ ಗುಂಡಿ ತಿರುಗಿಸಿದ. ಏನೂ ಇಲ್ಲ. ಗುರುಪಾದ ಬಗ್ಗಿ ಪೆಟ್ಟಿಗೆಗೆ ಕಿವಿ ಕೊಟ್ಟ.

"ಚಾಲೂ ಐತೇನೋ ಇದು?"

"ಐತ್ರಿ, ಕಾಕಾ."

ಗುರುಪಾದ ನಂಬದೆ ಇನ್ನಷ್ಟು ಹೊತ್ತು ಬಗ್ಗಿಯೇ ಇದ್ದು, ಕೊನೆಗೆ ಹಿಂದೆ ಸರಿದು ಕೂತ. ಸಂಗವ್ವ ಕಣ್ಣು ಮುಚ್ಚಿ ಹಾಡಿಗೆ ತೊಡಗಿದಳು. ಮೊದಲ ನುಡಿ ಮುಗಿಯಿತು. ಶಿದ್ರಾಮ ಕಾದಿದ್ದ ಸಂದು ಬಂತು. ಉಕ್ಕಿನ ತುಂಡು ಇಟ್ಟು ಧಾಟಿ ಎಳೆದ. ಎಳೆದ ಸ್ವರಕ್ಕೆಲ್ಲ ಝೇಂಕಾರ ಮುಳ್ಳಿನಂತೆ ಸಿಕ್ಕಿಕೊಂಡು ಬಂತು. ಎರಡನೆಯ ನುಡಿ ಎತ್ತಿಕೊಳ್ಳಲು ಹೋದ ಸಂಗವ್ವನಿಗೆ ಸ್ವರ ಸಿಗಲಿಲ್ಲ. ಒಮ್ಮೆ ತಡವರಿಸಿದಳು, ಇನ್ನೊಮ್ಮೆ ತಡವರಿಸಿ ನಿಂತುಬಿಟ್ಟಳು. ತಾಳಗಳು ಒಂದೊಂದಾಗಿ ಸುಮ್ಮನಾದವು.

ಗುರುಪಾದ ಗೋಡೆಯ ಕಡೆಗೆ ಗೋಣು ಹಾಕಿ ತೋರಿಸಿದ, ಅಷ್ಟೇ.

ಶಿದ್ರಾಮ ಉಕ್ಕಿನ ತುಂಡನ್ನು ತಂತಿಯಿಂದ ಎತ್ತಿದ. ಏಳಲು ಹೋದವನ ಬಲಗೈ ದಪ್ಪ ತಂತಿಗೆ ತಾಗಿತು. ಏನೂ ಒತ್ತದ ಬರಿಯ ತಂತಿ, ಸಂಗವ್ವನ ಶ್ರುತಿಗೆ ಬಿಗಿದದ್ದು, ಉದ್ದಕ್ಕೆ ಮೊರೆಯಿತು. ಒಂದು ಸ್ವರ, ಅದರೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು ತೆರೆದುಕೊಳ್ಳುತ್ತ ಹೋಯಿತು. ಅದು ಆರುವಷ್ಟರಲ್ಲಿ ಸಂಗವ್ವ ಮುಖ ಇತ್ತ ತಿರುಗಿಸಿದ್ದಳು. ಮತ್ತೊಮ್ಮೆ ಎಂದು ಬೆರಳಾಡಿಸಿದಳು. ಶಿದ್ರಾಮ ಮೀಟಿದ. ಅವಳು ಆ ಮೊರೆತದ ನಡುವಿನಿಂದಲೇ ನುಡಿಯನ್ನು ಎತ್ತಿಕೊಂಡಳು.

ಸಣ್ಣ ದನಿ ಸಣ್ಣದಾಗಿಯೇ ಇತ್ತು. ಆದರೆ ಈಗ ಅದಕ್ಕೆ ನೆಲ ಸಿಕ್ಕಿತ್ತು, ಗುಡಿಯ ಕಡೆಯ ಕಂಬಕ್ಕೂ ಕೇಳುತ್ತಿತ್ತು. ಶಿದ್ರಾಮ ಬರಿಯ ತಂತಿಗಳನ್ನೇ ಮೀಟುತ್ತ ಕೂತ. ಪ್ರತಿ ನುಡಿಯ ಕೊನೆಗೆ ಸಂದು ಬಂದು ಅವನನ್ನು ಕರೆಯುತ್ತಿತ್ತು. ಎಡಗೈ ತಾನಾಗಿ ಏಳುತ್ತಿತ್ತು. ಅದನ್ನು ತೊಡೆಯ ಕೆಳಗೆ ಒತ್ತಿ ಹಿಡಿದ. ಯಾವ ಉಪವಾಸವೂ ಅವನಿಗೆ ಇಷ್ಟು ಕಠಿಣವಾಗಿರಲಿಲ್ಲ. ಮಂಗಳಾರತಿಯ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಪ್ರಸಾದ ಹಂಚಿದ ಮೇಲೆ ಗುರುಪಾದ ಹತ್ತಿರ ಬಂದ. ಹೀಗೆ ಕೂರುವುದಾದರೆ ಪ್ರತಿ ಸೋಮವಾರ ಬರಬಹುದು, ನಡುನಡುವೆ ಬಾರಿಸುವುದು ಮಾತ್ರ ಬೇಡ ಎಂದ. ಶಿದ್ರಾಮ ತಲೆ ತಗ್ಗಿಸಿದ. ಉಕ್ಕಿನ ತುಂಡನ್ನು ಬೆರಳುಗಳಲ್ಲಿ ತಿರುವುತ್ತ ನಿಂತ.

ಕಂಬಕ್ಕೆ ಒರಗಿದ್ದ ಸಂಗವ್ವ ಅಲ್ಲಿಂದಲೇ ಕೇಳಿದಳು, "ಯಾಕೋ, ಮನಸ್ಸಿಲ್ಲೇನು?"

"ಹಂಗಲ್ಲ, ಅವ್ವಾ. ನಿಮ್ಮ ಹಾಡಿನಾಗ ಬಾರಸೂದಿಲ್ಲ. ಮಂದಿ ಕೂಡೂ ಮುಂಚೆ, ಶಿವನ ಮುಂದ, ನಾ ಒಬ್ಬನ ಒಂದು ಪದ ಬಾರಿಸ್ಲೇನ್ರಿ?"

ಗುರುಪಾದ ಏನೋ ಹೇಳಲು ಬಾಯಿ ತೆರೆದ. ಸಂಗವ್ವ ಕೈಯೆತ್ತಿ ಅವನನ್ನು ತಡೆದಳು.

"ಬಾರಸು. ನಾ ಲಗೂನ ಬಂದು ಕೇಳಕೋತ ಕುಂದ್ರತೀನಿ."

ಶಿದ್ರಾಮ ಅವಳ ಪಾದ ಮುಟ್ಟಿ, ಗಿಟಾರನ್ನು ಕಂಬಳಿಯಲ್ಲಿ ಸುತ್ತಿದ.