ಪೋಸ್ಟರಿಗೆ ಒಂದು ನಗುಮುಖ

ಕಾಲೇಜಿನ ಗೇಟಿನ ಎದುರಿಗೇ ನನ್ನ ಪ್ರಿಂಟಿಂಗ್ ಅಂಗಡಿ. ಚರ್ಚಾಸ್ಪರ್ಧೆ, ನಾಟಕ, ಓಟದ ಪಂದ್ಯ, ಬೀಳ್ಕೊಡುಗೆ, ಅಲ್ಲಿ ಏನೇ ನಡೆಯಲಿ, ಪೋಸ್ಟರ್ ಛಾಪಿಸುವವನು ನಾನೇ. ಮಕ್ಕಳು ಬರುವುದು ಯಾವಾಗಲೂ ಕೊನೇ ಗಳಿಗೆಯಲ್ಲಿ. ಬಂದವರಿಗೆಲ್ಲ ಒಂದೇ ತಲೆನೋವು. ಅಕ್ಷರ ಸಿದ್ಧ, ಬಣ್ಣ ಸಿದ್ಧ, ನಡುವೆ ಹಾಕಲು ಒಂದು ಒಳ್ಳೆಯ ಮುಖ ಇಲ್ಲ. ಆಗ ಏನು ಮಾಡುತ್ತಾರೆ? ಯಾರದೋ ಮುಖ ಎತ್ತಿಕೊಂಡು ಬರುತ್ತಾರೆ.

ನನ್ನ ತಮ್ಮನ ಮಗಳು ಮಾಡಿದ್ದೂ ಅದನ್ನೇ. ಎರಡನೇ ವರ್ಷದಲ್ಲಿ ಓದುತ್ತಾಳೆ. ಕಾಲೇಜಿನ ಪೋಸ್ಟರೆಲ್ಲ ಅವಳ ಕೈಯಿಂದಲೇ ಆಗಬೇಕು. ಅದಕ್ಕೇ ನಾನು ಅವಳನ್ನು ಡಿಸೈನರಮ್ಮ ಎಂದು ರೇಗಿಸುವುದು. ಹೊಸ ವಿದ್ಯಾರ್ಥಿಗಳ ಸ್ವಾಗತಕ್ಕೆ ಪೋಸ್ಟರ್ ಮಾಡಿಕೊಂಡು ಬಂದಳು. ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ, ಪೂರ್ತಿ ಹಾಳೆಗೆ ಒಂದೇ ಮುಖ. ಒಬ್ಬ ಹುಡುಗಿ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಳೆ. ನೋಡಿದವರಿಗೂ ನಗು ಬರಬೇಕು, ಅಂಥ ನಗು.

ಎಲ್ಲೋ ನೋಡಿದ ಮುಖ ಅನ್ನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ.

"ಯಾರಮ್ಮ ಇದು?" ಎಂದೆ.

"ಗೊತ್ತಿಲ್ಲ ದೊಡ್ಡಪ್ಪ. ಕಾಲೇಜಿನ ಹಳೇ ಫೋಟೊಗಳಲ್ಲಿ ಸಿಕ್ತು. ಯಾವುದೋ ಕ್ರೀಡಾಕೂಟದ್ದು. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಕೇಳಿದ್ದೀಯಾ ಅವಳನ್ನ?"

"ಅಯ್ಯೋ, ಅವಳು ಓದು ಮುಗಿಸಿ ಎಲ್ಲಿದ್ದಾಳೋ ಏನೋ! ಕಾಲೇಜಿನ ಫೋಟೊ ದೊಡ್ಡಪ್ಪ, ಯಾರೂ ಏನೂ ಅನ್ನಲ್ಲ. ತನ್ನ ಮುಖ ಪೋಸ್ಟರಲ್ಲಿ ಬಂದ್ರೆ ಖುಷಿನೇ ಪಡ್ತಾಳೆ."

"ಆದ್ರೂ ಒಂದು ಮಾತು…"

"ನಾಳೆ ಬೆಳಿಗ್ಗೆ ಅಂಟಿಸ್ಬೇಕು. ಅರವತ್ತು ಕಾಪಿ. ಹಾಕಿ ದೊಡ್ಡಪ್ಪ, ಪ್ಲೀಸ್."

ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಒಬ್ಬರ ಮುಖ ಹಾಕುವ ಮೊದಲು ಅವರ ಒಪ್ಪಿಗೆ ಕೇಳಬೇಕು ಅನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅವಳ ಮುಖ ಬಾಡುವುದು ನೋಡಲಾಗದೆ ಹೂಂ ಅಂದುಬಿಟ್ಟೆ. ಅರವತ್ತು ಕಾಪಿ ಹಾಕಿದೆ.

ನಾಲ್ಕು ದಿನ ಆ ನಗು ಕಾಲೇಜಿನ ತುಂಬ ಇತ್ತು. ಗೇಟಿನಲ್ಲಿ, ಮೆಟ್ಟಿಲ ಮೇಲೆ, ಲೈಬ್ರರಿಯ ಬಾಗಿಲಲ್ಲಿ, ಕ್ಯಾಂಟೀನಿನ ಕಂಬಗಳಲ್ಲಿ. ಕಾರ್ಯಕ್ರಮ ಮುಗಿಯಿತು. ಅಂಟಿಸಲು ಮುಂದೆ ಬಂದವರು ಕೀಳಲು ಬರಲಿಲ್ಲ, ಅದು ಇದ್ದದ್ದೇ. ಅಂಟು ಬಿಟ್ಟ ಪೋಸ್ಟರುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಮಾರನೆಯ ದಿನ ಮಧ್ಯಾಹ್ನ, ಕಾಲೇಜಿನಲ್ಲಿ ಕಸ ಗುಡಿಸುವ ಅಕ್ಕ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಆ ಪೋಸ್ಟರು. ಹುಡುಗಿಯ ಕೆನ್ನೆಯ ಮೇಲೆ ಶೂ ಗುರುತು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು, ಕಲೆ ಪೂರ್ತಿ ಹೋಗಿರಲಿಲ್ಲ.

"ಅಣ್ಣಾ, ಇದು ಛಾಪಿಸಿದ್ದು ನೀವೇ ಅಲ್ವಾ?"

"ಹೌದಕ್ಕ. ಯಾಕೆ?"

"ಇದು ನಮ್ಮ ಪುಟ್ಟಿ."

ಪೋಸ್ಟರನ್ನು ಬೆಳಕಿಗೆ ಹಿಡಿದು ನೋಡಿದೆ. ಪುಟ್ಟಿ! ಅಕ್ಕನ ಮಗಳು, ಇದೇ ಕಾಲೇಜಿನಲ್ಲಿ ಓದುತ್ತಿದ್ದಳು. ಎಷ್ಟು ಸಲ ನನ್ನ ಅಂಗಡಿಗೆ ನೋಟ್ಸ್ ಜೆರಾಕ್ಸ್ ಮಾಡಿಸಲು ಬಂದಿದ್ದಳು. ಹಲ್ಲಿನ ಮೇಲೆ ಹಲ್ಲು ಇದ್ದ ಹುಡುಗಿ. ಮಾತಾಡುವಾಗ ಕೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಎರಡು ವರ್ಷದ ಹಿಂದೆ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟಿದ್ದಳು. ಪೋಸ್ಟರಿನ ಹುಡುಗಿಗೆ ಆ ಹಲ್ಲು ಇರಲಿಲ್ಲ. ಅದಕ್ಕೇ ನನಗೆ ಗುರುತು ಸಿಕ್ಕಿರಲಿಲ್ಲ.

"ಅಕ್ಕಾ, ತಪ್ಪಾಯ್ತು. ನನಗೆ ಗೊತ್ತಾಗ್ಲಿಲ್ಲ."

"ನನಗೂ ಮೊದಲ ದಿನ ಗೊತ್ತಾಗ್ಲಿಲ್ಲ ಅಣ್ಣಾ. ಮೆಟ್ಟಿಲು ಗುಡಿಸ್ತಾ ತಲೆ ಎತ್ತಿದೆ, ಇವಳು ನಿಂತಿದ್ಳು. ನಮ್ಮ ಪುಟ್ಟಿ ಹಾಗೇ ಇದ್ದಾಳಲ್ಲ ಅಂದ್ಕೊಂಡೆ. ಆಮೇಲೆ ಕಿವಿ ನೋಡಿದೆ, ಓಲೆ ನೋಡಿದೆ. ಅವಳೇ. ಇವತ್ತು ನೆಲದ ಮೇಲೆ ಬಿದ್ದಿದ್ಳು. ಪೊರಕೆ ಹೇಗೆ ಹಾಕ್ಲಿ ಹೇಳಿ?"

ಸ್ಟೂಲು ಎಳೆದು ಕೂರಿಸಿದೆ, ನೀರು ಕೊಟ್ಟೆ. ಅಷ್ಟರಲ್ಲಿ ನಮ್ಮ ಡಿಸೈನರಮ್ಮ ಇನ್ನೊಂದು ಪೋಸ್ಟರ್ ಹಿಡಿದು ಬಂದಳು. ಇರುವ ವಿಷಯ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ನನಗೆ ಗೊತ್ತಿರ್ಲಿಲ್ಲ ಅಕ್ಕ. ನಾನು ಕೆಟ್ಟದಾಗೇನೂ ಮಾಡಿಲ್ಲ. ಇನ್ನೂ ಚೆನ್ನಾಗಿ ಕಾಣ್ಲಿ ಅಂತ ಹಲ್ಲು ಕೂಡ ಸರಿ ಮಾಡ್ದೆ."

"ಸರಿ ಮಾಡಿದ್ಯಾ?" ಅಕ್ಕ ಅವಳನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೂ ಒಂದಿಷ್ಟು ಹಗುರವಾಗುತ್ತಿತ್ತು. "ಹಾಕಿದ್ದಕ್ಕೆ ಬೈಯೋಕೆ ಬಂದಿಲ್ಲ ಮಗಾ. ಕೇಳಿದ್ರೆ ಬೇಡ ಅಂತಿರ್ಲಿಲ್ಲವೋ ಏನೋ. ಹೀಗೆ ನಮ್ಮ ಹುಡುಗಿ ತೀರ್ಕೊಂಡಿದ್ದಾಳೆ, ಹಾಕಿದ್ರೆ ಜೋಪಾನವಾಗಿ ತೆಗೀರಿ, ನೆಲಕ್ಕೆ ಬೀಳಿಸ್ಬೇಡಿ ಅಂತಿದ್ದೆ. ನಾನು ಬಂದಿದ್ದು ಬೇರೆ ವಿಷಯಕ್ಕೆ. ಅವಳು ನಗೋ ಫೋಟೊ ಒಂದೂ ನಮ್ಮ ಮನೇಲಿಲ್ಲ. ಕ್ಯಾಮೆರಾ ಕಂಡ್ರೆ ಬಾಯಿ ಬಿಗಿ ಹಿಡಿತಿದ್ಳು. ಇದರಲ್ಲಿ ಅವಳಿಗೆ ಗೊತ್ತಾಗದ ಹಾಗೆ ತೆಗೆದಿದ್ದಾರೆ. ಆ ಹಲ್ಲು ಇರೋ ಫೋಟೊ ಒಂದು ಕೊಡು. ಅಷ್ಟು ಸಾಕು."

ಹುಡುಗಿ ರಸ್ತೆ ದಾಟಿ ಕಾಲೇಜಿಗೆ ಓಡಿದಳು. ಅರ್ಧ ಗಂಟೆ ಬಿಟ್ಟು ಬಂದಳು. ಕಾಲೆಳೆದುಕೊಂಡು ಬರುತ್ತಿರುವುದನ್ನು ನೋಡಿಯೇ ನನಗೆ ಅರ್ಥವಾಯಿತು. ಕಾಲೇಜಿನ ಕಂಪ್ಯೂಟರಿನಲ್ಲಿದ್ದ ಫೋಟೊವನ್ನೇ ತೆರೆದು, ಅದರಲ್ಲೇ ತಿದ್ದಿ, ಅದೇ ಹೆಸರಿನಲ್ಲಿ ಸೇವ್ ಮಾಡಿದ್ದಳು. ಹಳೆಯದರ ಮೇಲೆ ಹೊಸದು ಕೂತಿತ್ತು. ಬೇರೆ ಕಾಪಿ ಇರಲಿಲ್ಲ. ಕ್ರೀಡಾಕೂಟದ ಫೋಟೊ ತೆಗೆದ ಸ್ಟುಡಿಯೋದವನಿಗೆ ಫೋನ್ ಹಚ್ಚಿದೆ.

"ಅಷ್ಟು ಹಳೇದು ಎಲ್ಲಿ ಸಾರ್? ಕಾರ್ಡು ಅಳಿಸಿ ಅಳಿಸಿ ಬಳಸ್ತೀವಿ" ಅಂದ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಹುಡುಗಿಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು.

"ನಾನೇ ಮತ್ತೆ ಮಾಡಿಕೊಡ್ತೀನಿ ಅಮ್ಮಾ. ಹೇಗಿತ್ತು ಹೇಳಿ. ಯಾವ ಕಡೆ ಇತ್ತು?"

ಅಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. "ಎಡಗಡೆ. ಸ್ವಲ್ಪ ಮುಂದಕ್ಕೆ… ಅಷ್ಟೊಂದಲ್ಲ. ತುದಿ ಓರೆ ಇತ್ತು… ಈ ಕಡೆ ಓರೆ." ಹುಡುಗಿ ತಿದ್ದಿದಳು, ಅಳಿಸಿದಳು, ಮತ್ತೆ ತಿದ್ದಿದಳು. ಒಂದು ಸಲ ಹಲ್ಲು ದೊಡ್ಡದಾಯಿತು, ಇನ್ನೊಂದು ಸಲ ಚೂಪಾಯಿತು. ಅಕ್ಕ ಕಣ್ಣು ಕಿರಿದು ಮಾಡಿ ನೋಡುವಳು, ತಲೆಯಾಡಿಸುವಳು. ಸುಮಾರು ಹೊತ್ತು ಹೀಗೇ ನಡೆಯಿತು. ಅಂಗಡಿಗೆ ಬಂದ ಗಿರಾಕಿಗಳನ್ನು ನಾನು ಬಾಗಿಲಲ್ಲೇ ವಾಪಸ್ ಕಳಿಸಿದೆ.

ಕೊನೆಗೆ ಅಕ್ಕ ಅವಳ ಕೈ ಹಿಡಿದುಕೊಂಡಳು.

"ಸಾಕು ಬಿಡು ಮಗಾ. ನೀನು ಹೀಗೇ ತಿದ್ತಾ ಹೋದ್ರೆ, ಅದು ಹೇಗಿತ್ತು ಅಂತ ನನಗೇ ಮರೆತುಹೋಗುತ್ತೆ."

ಎದ್ದಳು. ಶೂ ಗುರುತಿದ್ದ ಅದೇ ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಹೊಸದೊಂದು ಛಾಪಿಸಿ ಕೊಡುತ್ತೇನೆ ಅಂದೆ. ಬೇಡ ಅಂದಳು.

ಅವತ್ತು ಸಂಜೆ ನಾನೂ ಡಿಸೈನರಮ್ಮನೂ ಕಾಲೇಜಿಗೆ ಹೋಗಿ ಉಳಿದ ಪೋಸ್ಟರುಗಳನ್ನೆಲ್ಲ ನೀರು ಹಚ್ಚಿ, ಹರಿಯದ ಹಾಗೆ ಬಿಡಿಸಿದೆವು. ಒಂದೊಂದನ್ನೂ ಅವಳೇ ಮಡಚದೆ ಜೋಡಿಸಿಟ್ಟಳು. ಮುಗಿದ ಮೇಲೆ, "ಕೇಳೋಕೆ ಐದು ನಿಮಿಷ ಸಾಕಿತ್ತು ದೊಡ್ಡಪ್ಪ. ಆಫೀಸಲ್ಲಿ ಕೇಳಿದ್ರೂ ಯಾರ ಮಗಳು ಅಂತ ಹೇಳ್ತಿದ್ರು" ಅಂದಳು. ಈಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಯಾರ ಮುಖ, ಯಾವ ಕಾರ್ಯಕ್ರಮಕ್ಕೆ, ಎಷ್ಟು ದಿನ ಅಂತ ಬರೆದು, ಅವರಿಂದಲೇ ಸಹಿ ಹಾಕಿಸಿಕೊಂಡು ಬರುತ್ತಾಳೆ. ಬೇಡ ಅಂದವರ ಮುಖ ಬಿಟ್ಟು ಬರೀ ಅಕ್ಷರದಲ್ಲೇ ಪೋಸ್ಟರ್ ಮಾಡುತ್ತಾಳೆ. ಅದೂ ಚೆನ್ನಾಗಿಯೇ ಇರುತ್ತದೆ. ಅಕ್ಕನ ಮನೆಗೆ ಮಾತ್ರ ಆ ನಗು ಮತ್ತೆ ಬರಲಿಲ್ಲ, ಬರುವುದೂ ಇಲ್ಲ. ನನಗೆ ಅದು ಇವತ್ತಿಗೂ ಸಂಕಟ.

ಪೋಸ್ಟರ್ ಮಾಡುವ ಮಕ್ಕಳೇ, ನಿಮ್ಮ ಕೈಯಲ್ಲಿ ಕಲೆ ಇದೆ, ಹುಮ್ಮಸ್ಸಿದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಫೋಟೊ ಕಾಲೇಜಿನದ್ದಾದರೂ ಮುಖ ಕಾಲೇಜಿನದ್ದಲ್ಲ. ಹಾಕುವ ಮೊದಲು ಅವರನ್ನು ಕೇಳಿ. ಅವರು ಸಿಗದಿದ್ದರೆ ಮನೆಯವರನ್ನು ಕೇಳಿ. ಯಾರೂ ಸಿಗದಿದ್ದರೆ ಆ ಮುಖ ಬಿಟ್ಟುಬಿಡಿ. ಹಲ್ಲು, ಮೂಗು, ಮಚ್ಚೆ ಹೇಗಿದೆಯೋ ಹಾಗೇ ಇರಲಿ, ನಿಮಗೆ ಅಂದಗೇಡು ಅನ್ನಿಸಿದ್ದು ಇನ್ನೊಬ್ಬರಿಗೆ ಗುರುತು. ಮೂಲ ಫೋಟೊ ಬೇರೆ ಕಡೆ ಭದ್ರವಾಗಿಟ್ಟು, ಅದರ ಕಾಪಿಯಲ್ಲಿ ಮಾತ್ರ ಕೆಲಸ ಮಾಡಿ. ಕಾರ್ಯಕ್ರಮ ಮುಗಿದ ದಿನವೇ ನೀವೇ ಹೋಗಿ ಪೋಸ್ಟರ್ ಬಿಡಿಸಿ, ಗುಡಿಸುವವರ ಪಾಲಿಗೆ ಬಿಡಬೇಡಿ.

ಕೇಳಿಕೊಂಡು ಬನ್ನಿ. ಎಷ್ಟೇ ತಡವಾಗಲಿ, ಅಲ್ಲಿಯವರೆಗೆ ನಾನು ಮೆಷಿನ್ ನಿಲ್ಲಿಸಿಕೊಂಡು ಕಾಯುತ್ತೇನೆ.