ಸಂಜನಾಳ ಮೊದಲ ಗಾಳಿ

ಕತಾರ್ ದೇಶದಲ್ಲಿ ಬೀಸುವ ತಣ್ಣನೆಯ ಗಾಳಿಯಲ್ಲಿ ಮುಕ್ಕಾಲು ಪಾಲು ನನ್ನದು. ಉಳಿದ ಕಾಲು ಪಾಲು ದೇವರದು, ಅದೂ ಚಳಿಗಾಲದ ನಾಲ್ಕು ತಿಂಗಳು ಮಾತ್ರ. ನಾನು ಏಸಿ ಕೊಳವೆಗಳ ಎಂಜಿನಿಯರ್. ವಿಶ್ವಕಪ್ ಫುಟ್‌ಬಾಲಿಗಾಗಿ ಊರಿಗೆ ಊರೇ ಬಣ್ಣ ಬಳಿದುಕೊಂಡು ನಿಂತಿದ್ದ ಆ ವರ್ಷ, ಲುಸೈಲ್ ಸ್ಟೇಡಿಯಮ್ಮಿನಲ್ಲಿ ಎಂಬತ್ತು ಸಾವಿರ ಜನ ಈ ಗಿರಿಧರನ ಗಾಳಿಯಲ್ಲಿ ಕೂತು ಆಟ ನೋಡುತ್ತಾರೆ ಎಂದು ಅಲ್ ಮನ್ಸೂರಾದ ನಮ್ಮ ಕಟ್ಟಡದ ಹದಿನಾರು ಮನೆಗಳಿಗೂ ನಾನು ಹೇಳಿಯಾಗಿತ್ತು.

"ಸ್ಟೇಡಿಯಮ್ಮಲ್ಲ," ಎಂದು ನನ್ನ ಹೆಂಡತಿ ಜಾಹ್ನವಿ ಹದಿನಾರು ಮನೆಗಳಲ್ಲೂ ತಿದ್ದಿದ್ದಳು. "ಅದರ ಹಿಂದಿನ ರಸ್ತೇಲಿ ಒಂದು ಆಫೀಸು. ಮೂರೇ ಮಹಡಿ."

"ಗಾಳಿಗೆ ಗಡಿ ಇರುತ್ತೇನೇ? ಮೂರು ಮಹಡಿಯಿಂದ ಹೊರಟಿದ್ದು ಸ್ಟೇಡಿಯಮ್ಮಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತೆ?"

ಇಂಥ ಗಾಳಿಯ ಸರದಾರನಿಗೆ ಆ ಜುಲೈ ತಿಂಗಳಲ್ಲಿ ಮಗಳು ಹುಟ್ಟಿದಳು. ಸಂಜನಾ ಎಂದು ಹೆಸರಿಟ್ಟೆವು. ನಾಲ್ಕೂವರೆ ಕೆಜಿ ಇದ್ದಾಳೆ, ಆಸ್ಪತ್ರೆಯ ತಕ್ಕಡಿ ನರಳಿತು, ಎರಡು ನರ್ಸುಗಳು ಸೇರಿ ಎತ್ತಿದರು ಎಂದು ಎಲ್ಲರಿಗೂ ಹೇಳಿದೆ. ಆ ಒಂದು ವಿಷಯದಲ್ಲಿ ಮಾತ್ರ ಜಾಹ್ನವಿ ನನ್ನನ್ನು ತಿದ್ದಲಿಲ್ಲ.

ಮಗು ಏಳು ವಾರ ಮುಂಚೆ ಬಂದಿತ್ತು. ಒಂದು ಕೆಜಿ ಆರುನೂರು ಗ್ರಾಂ. ಐದು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಒಂದು ಮಧ್ಯಾಹ್ನ ನರ್ಸು ಅವಳನ್ನು ತೆಗೆದು ನನ್ನ ಅಂಗೈಗಳ ಮೇಲಿಟ್ಟಳು. ಇಟ್ಟ ಕ್ಷಣವೇ ಪಕ್ಕದ ಯಂತ್ರ ಚೀರತೊಡಗಿತು. ಮಗುವಿನ ಪಾದಕ್ಕೆ ಅಂಟಿಸಿದ್ದ ತಂತಿ ಕಳಚಿತ್ತು, ಅಷ್ಟೇ. ನರ್ಸು ನಗುತ್ತಲೇ ಅದನ್ನು ಮತ್ತೆ ಅಂಟಿಸಿದಳು, ಯಂತ್ರ ಸುಮ್ಮನಾಯಿತು. ನನ್ನೊಳಗಿನ ಯಂತ್ರ ಸುಮ್ಮನಾಗಲಿಲ್ಲ. ಅಂದಿನಿಂದ ನಾನು ಮಗುವನ್ನು ಎತ್ತಿಕೊಂಡು ನಿಂತಿದ್ದೇ ಇಲ್ಲ. ಸೋಫಾದಲ್ಲಿ ಕೂತು, ಎರಡೂ ಬದಿಗೆ ದಿಂಬು ಇಟ್ಟುಕೊಂಡು, ಯಾರಾದರೂ ತಂದು ತೊಡೆಯ ಮೇಲಿಟ್ಟರೆ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಯಾರಾದರೂ ಕೇಳಿದರೆ, "ನನ್ನ ಕೈ ಹುಲಿಯ ಕೈ, ಹಿಸುಕಿಬಿಟ್ಟರೆ ಕಷ್ಟ," ಎನ್ನುತ್ತಿದ್ದೆ. ಎತ್ತುವ ಕೆಲಸಕ್ಕೆ ಅತ್ತೆ ವತ್ಸಲಾ ಮೈಸೂರಿನಿಂದ ಬಂದಿದ್ದರು. ಅಕ್ಟೋಬರ್ ಮಧ್ಯಕ್ಕೆ ಅವರ ವಿಸಿಟ್ ವೀಸಾ ಮುಗಿಯಿತು. ಫುಟ್‌ಬಾಲ್ ಮುಗಿಯುವವರೆಗೆ ಬೇರೆ ವೀಸಾದ ಮಾತು ಬೇಡ ಎಂದರು ವೀಸಾ ಕಚೇರಿಯವರು. ಅತ್ತೆ ವಿಮಾನ ಹತ್ತಿದರು.

ಸಂಜನಾ ಅಷ್ಟು ದಿನ ಹೊರಗಿನ ಗಾಳಿಯನ್ನೇ ಕಂಡಿರಲಿಲ್ಲ. ಸೆಕೆ, ಧೂಳು ಎರಡೂ ಕಡಿಮೆಯಾಗುವವರೆಗೆ ಹೊರಗೆ ಬೇಡ ಎಂದು ಡಾಕ್ಟರು ಹೇಳಿದ್ದರು. ಇಲ್ಲಿಯ ಜುಲೈ ಎಂದರೆ ರಸ್ತೆಗೆ ಬಿದ್ದ ಮೊಟ್ಟೆ ತಾನೇ ಆಮ್ಲೆಟ್ಟಾಗುತ್ತದೆ, ಈರುಳ್ಳಿಯೂ ಎಲ್ಲಿಂದಲೋ ಉರುಳಿಕೊಂಡು ಬಂದು ಸೇರಿಕೊಳ್ಳುತ್ತದೆ. ಹಾಗಾಗಿ ಮನೆಯ ಏಸಿ, ಲಿಫ್ಟು, ನೆಲಮಾಳಿಗೆಯಲ್ಲಿ ನಿಲ್ಲಿಸಿದ ಕಾರಿನ ಏಸಿ, ಕ್ಲಿನಿಕ್ಕಿನ ಏಸಿ. ಅವಳ ಮಟ್ಟಿಗೆ ಗಾಳಿ ಎಂದರೆ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯಿಂದ ಬರುವ ವಸ್ತು.

ಎಲೆ ಉದುರಲು ಮರವೇ ಇಲ್ಲದ ಊರಿಗೆ ಶರತ್ಕಾಲ ಬಂದಿದ್ದು ಹೇಗೆ ಗೊತ್ತಾಗುತ್ತದೆ? ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುವುದು ನಿಂತ ದಿನ. ನಮ್ಮ ಕಟ್ಟಡದಲ್ಲಿ ಇನ್ನೊಂದು ಗುರುತೂ ಇತ್ತು: ಎದುರು ಮನೆಯ ಎಡ್ನಾ ಕಿತ್ತಳೆ ಬಣ್ಣದ ಕಾಗದ ಕತ್ತರಿಸಲು ಕೂತರೆ ಹಾಲೋವೀನ್ ಬಂತು ಎಂದು ಅರ್ಥ. ಎಡ್ನಾ ಮಂಗಳೂರಿನವರು, ಶಿಶುವಿಹಾರದ ಟೀಚರಾಗಿದ್ದವರು. ಅಕ್ಟೋಬರ್ ಮೂವತ್ತೊಂದರ ಸಂಜೆ ಕಟ್ಟಡದ ಮಕ್ಕಳೆಲ್ಲ ದೆವ್ವ, ಮಾಟಗಾತಿಯರಾಗಿ ಬಾಗಿಲು ಬಡಿದು ಚಾಕಲೇಟು ಕೇಳಿ, ಕೊನೆಗೆ ಟೆರೇಸಿನಲ್ಲಿ ಸೇರುವ ಪದ್ಧತಿಯನ್ನು ಹದಿಮೂರು ವರ್ಷಗಳಿಂದ ನಡೆಸಿಕೊಂಡು ಬಂದವರು.

"ಗಿರಿ, ಈ ಸಲದ ಹೊಸ ಮಗು ನಿಮ್ಮದೇ," ಎಂದರು. "ರೂಲ್ ಗೊತ್ತುಂಟಲ್ಲ? ಹೊಸ ಮಗು ಎಲ್ಲರಿಗಿಂತ ಮುಂದೆ, ಅಪ್ಪನ ಕೈಯಲ್ಲಿ. ಹಿಂದೆ ಮಕ್ಕಳ ಸೈನ್ಯ."

"ಒಂದು ಕೈಯಲ್ಲಿ ಎತ್ತಿಕೊಂಡು ಬರ್ತೀನಿ. ಇನ್ನೊಂದು ಕೈಯಲ್ಲಿ ನಿಮ್ಮನ್ನೂ ಎತ್ತಿಕೊಂಡು ಬರ್ತೀನಿ."

"ನನಗೆ ಮಂಡಿನೋವು ಮಾರಾಯ. ಹಾಗೆಲ್ಲ ಹೇಳಿದ್ರೆ ನಾನು ನಿಜ ಅಂತ ಕೂತು ಬಿಡ್ತೇನೆ."

"ಕಾಗದದ ಕುಂಬಳಕಾಯಿ ಎಲ್ಲ ಬೇಡ. ಈ ಸಲ ನಿಜವಾದ್ದು. ನಾನೇ ಕೆತ್ತಿ ತರ್ತೀನಿ."

ಮನೆಗೆ ಬಂದ ಮೇಲೆ ಜಾಹ್ನವಿ ಕೇಳಿದಳು. "ಎತ್ಕೋತೀರಾ?"

"ನೋಡೋಣ."

"ನೋಡೋಣ ಅಂದ್ರೆ ನಿಮ್ಮ ಭಾಷೇಲಿ ಇಲ್ಲ ಅಂತ." ಒಗೆದ ಬಟ್ಟೆ ಮಡಿಸತೊಡಗಿದಳು. "ಅಮ್ಮ ಹೋದ್ಮೇಲೆ ನಾನು ಸ್ನಾನಕ್ಕೆ ಹೋದ್ರೆ ಇವಳನ್ನ ಬಾತ್ರೂಮಿನ ಬಾಗಿಲಲ್ಲಿ ಚಾಪೆ ಹಾಕಿ ಮಲಗಿಸ್ಕೊಂಡು ಹೋಗ್ತಿದೀನಿ. ಬಾಗಿಲು ತೆಗೆದಿಟ್ಟು. ನೀವು ಮನೇಲಿದ್ದಾಗ್ಲೂ ಅಷ್ಟೇ."

ಅವಳು ದನಿ ಏರಿಸಲಿಲ್ಲ. ಎಂಬತ್ತು ಸಾವಿರ ಜನಕ್ಕೆ ಗಾಳಿ ಕೊಡುವವನು ಎದ್ದು ಹೋಗಿ ಏಸಿಯನ್ನು ಒಂದು ಡಿಗ್ರಿ ಇಳಿಸಿದ.

ಮೂವತ್ತೊಂದರ ಬೆಳಿಗ್ಗೆ ರಜೆ ಹಾಕಿ ಕೆಳಗಿನ ದಿನಸಿ ಅಂಗಡಿಗೆ ಹೋದೆ. ಅಂಗಡಿಯ ಸುಲೈಮಾನ್ ಉಪ್ಪಿನಂಗಡಿ ಕಡೆಯವರು, ಇಲ್ಲಿಗೆ ಬಂದು ಮೂವತ್ತು ವರ್ಷವಾಗಿತ್ತು.

"ಕ್ರೇನಿನಲ್ಲಿ ಎತ್ತಬೇಕು, ಅಂಥ ಕುಂಬಳಕಾಯಿ ಕೊಡಿ."

"ಕ್ರೇನ್ ಎಲ್ಲ ಲುಸೈಲಿಗೆ ಹೋಗಿದೆ. ಒಂಬತ್ತು ಕಿಲೋದ್ದು ಉಂಟು, ಸಾಕಾ? ಸಾಂಬಾರಿಗಾ?"

"ದೆವ್ವಕ್ಕೆ."

"ಎಡ್ನಾ ಟೀಚರ ಹಬ್ಬ. ಸರಿ ಸರಿ." ಅವರು ಕಾಯಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ತಂದರು. ಅದೂ ನನಗೆ ಚುಚ್ಚಿತು. "ಒಳ್ಳೆ ದಿನ ನೋಡಿದ್ದಾರೆ. ಸೆಕೆ ಇಳಿಸುವ ಸುಹೈಲ್ ನಕ್ಷತ್ರ ಕಂಡು ಎರಡು ತಿಂಗಳಾಯ್ತು. ಇವತ್ತು ಸಂಜೆ ಗಾಳಿ ತಿರುಗ್ತದೆ."

"ಗಾಳಿ ವಿಷಯ ನನಗೆ ಹೇಳಬೇಡಿ, ಸುಲೈಮಾನ್ ಭಾಯಿ."

"ಹೌದಲ್ಲ, ಮರೆತೆ. ನಿಮ್ಮದನ್ನು ಸ್ವಲ್ಪ ಬಂದ್ ಮಾಡಿ ಮಾರಾಯ್ರೇ, ನಿಜದ್ದು ಬರಲಿ."

ಅಡುಗೆಮನೆಯ ನೆಲದಲ್ಲಿ ಪೇಪರು ಹಾಸಿ ಕೂತೆವು. ಜಾಹ್ನವಿ ಚಾಕು ಎತ್ತಿದ್ದೇ ತಡ, ಫೋನಿನ ಪರದೆಯಲ್ಲಿದ್ದ ಅತ್ತೆ ತಡೆದರು. "ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದು ಕಣೆ. ಅಳಿಯಂದಿರೇ ಹಾಕಲಿ. ಅದೂ ಮಗು ಇರೋ ಮನೆ."

ನಾನು ಹಾಕಿದೆ. ಕುಂಬಳಕಾಯಿ ನಡುಗಿತು ಎಂದು ಹೇಳುವುದಿಲ್ಲ, ಆದರೆ ಕತ್ತಿವರಸೆ ನೋಡಿ ಅತ್ತೆ ಫೋನನ್ನು ಸ್ವಲ್ಪ ದೂರ ಹಿಡಿದರು. ಒಳಗಿನ ದೀಪಕ್ಕೆ ಗಾಳಿ ಬೇಕಲ್ಲ? ಎಲ್ಲಿಂದ ಬರಬೇಕು, ಎಲ್ಲಿಂದ ಹೋಗಬೇಕು ಎಂದು ಲೆಕ್ಕ ಹಾಕಿ ಹಿಂದೆ ಮೂರು ತೂತು, ಮೇಲೆ ಒಂದು ತೂತು ಕೊರೆದೆ. ಮುಂದೆ ಎರಡು ಕಣ್ಣು, ಸಾಲು ಹಲ್ಲು.

"ಕಟ್ಟೋ ಮನೆ ಮುಂದೆ ನೇತುಹಾಕ್ತಾರಲ್ಲ, ಆ ದೃಷ್ಟಿಬೊಂಬೆ ಥರಾನೇ ಇದೆ," ಎಂದರು ಅತ್ತೆ. "ಮೀಸೆ ಎಲ್ಲಿ?"

"ಇದಕ್ಕೆ ಮೀಸೆ ಇರಲ್ಲ ಅಮ್ಮ," ಎಂದಳು ಜಾಹ್ನವಿ.

"ಮೀಸೆ ಇಲ್ಲದಿದ್ರೆ ಯಾವ ದೃಷ್ಟಿ ಹೆದರುತ್ತೆ? ಹಾಕ್ರಿ ಅಳಿಯಂದಿರೇ, ನಿಮ್ಮ ಥರದ್ದೇ ಹಾಕಿ."

ಹಾಕಿದೆ. ಮುಗಿದ ಮೇಲೆ ಮೂವರೂ ನೋಡಿದೆವು. ಅದು ನನ್ನ ತಮ್ಮನಂತಿತ್ತು.

ಸಂಜೆಗೆ ನನ್ನದೊಂದು ಉಪಾಯ ಸಿದ್ಧವಾಗಿತ್ತು. ಜೋಡಿಮಂಚದ ಬಿಳಿ ಹಾಸು ತೆಗೆದು, ಕಣ್ಣಿಗೆ ಎರಡು ತೂತು ಮಾಡಿ, ತಲೆಯಿಂದ ಪಾದದವರೆಗೆ ಹೊದ್ದು ದೆವ್ವವಾಗಿ ನಿಂತೆ. ಹಾಸಿನೊಳಗೆ ಮಗುವನ್ನು ಎತ್ತಿಕೊಂಡರೆ ಉಸಿರು ಕಟ್ಟುತ್ತದೆ, ಹಾಸಿನ ಹೊರಗೆ ಎತ್ತಿಕೊಂಡರೆ ಕೈ ಜಾರುತ್ತದೆ. ಯಾರೂ ತಪ್ಪು ಹೇಳುವ ಹಾಗಿಲ್ಲ. ಮೇಲಾಗಿ ಕುಂಬಳಕಾಯಿ ಹೊರಲು ಗಂಡಸೇ ಬೇಕು.

ಜಾಹ್ನವಿ ಬಂದಳು. ಸಂಜನಾಳಿಗೆ ಎಡ್ನಾ ಹೆಣೆದುಕೊಟ್ಟ ಕಿತ್ತಳೆ ಬಣ್ಣದ ಟೋಪಿ, ಅದರ ತುದಿಗೆ ಹಸಿರು ತೊಟ್ಟು. ಅವಳನ್ನು ಸೋಫಾದಲ್ಲಿ ಮಲಗಿಸಿ, ನನ್ನ ಹಾಸನ್ನು ಒಂದೇ ಎಳೆತಕ್ಕೆ ಎಳೆದಳು.

"ಕುಂಬಳಕಾಯಿ ನಾನು ತಗೊಂಡು ಹೋಗ್ತೀನಿ."

"ಒಂಬತ್ತು ಕೆಜಿ ಇದೆ ಕಣೆ."

"ಒಂಬತ್ತು ಎತ್ತೋನಿಗೆ ನಾಲ್ಕು ಆಗಲ್ವಾ?"

"ಕುಂಬಳಕಾಯಿ ಬಿದ್ರೆ ಇನ್ನೊಂದು ತರಬಹುದು," ಎಂದೆ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಪಕ್ಕ ಬಂದು ನಿಂತಳು.

"ನಿಮ್ಮ ಕೊಳವೆಗಳನ್ನ ಸೂರಿಗೆ ನೇತುಹಾಕ್ತೀರಲ್ಲ, ಎಷ್ಟು ದೂರಕ್ಕೆ ಒಂದು ಆಸರೆ ಕೊಡ್ತೀರಿ?"

"ಎರಡೂವರೆ ಮೀಟರಿಗೆ ಒಂದು."

"ಇವಳು ಅರ್ಧ ಮೀಟರ್ ಚಿಲ್ಲರೆ ಇದಾಳೆ. ಎರಡು ಆಸರೆ ಇದೆ ನಿಮ್ಮ ಹತ್ರ. ಒಂದು ಕತ್ತಿನ ಕೆಳಗೆ, ಒಂದು ಬೆನ್ನಿನ ಕೆಳಗೆ. ಯಾವತ್ತಾದ್ರೂ ನಿಮ್ಮ ಕೊಳವೆ ಬಿದ್ದಿದೆಯಾ?"

"ಇಲ್ಲ," ಎಂದೆ. ಅದು ಬಡಾಯಿಯಲ್ಲ. ಹದಿನಾಲ್ಕು ವರ್ಷದಲ್ಲಿ ಒಂದೂ ಬಿದ್ದಿಲ್ಲ.

ಅವಳು ಮಗುವನ್ನು ನನ್ನ ಕೈಗಿಟ್ಟಳು. ಕುಂಬಳಕಾಯಿಯನ್ನು ಸೊಂಟಕ್ಕೇರಿಸಿಕೊಂಡು, ಒಮ್ಮೆಯೂ ತಿರುಗಿ ನೋಡದೆ ಮೆಟ್ಟಿಲು ಹತ್ತಿ ಹೋದಳು.

ಹೊರಗೆ ಕಾರಿಡಾರಿನಲ್ಲಿ ಹನ್ನೊಂದು ಮಕ್ಕಳು ನಿಂತಿದ್ದರು. ಎಲುಬುಗೂಡುಗಳು, ಒಂದು ಬಾವಲಿ, ಮೂವರು ಮಾಟಗಾತಿಯರು. ನಮ್ಮದು ನಾಲ್ಕನೇ ಮಹಡಿ. ಲಿಫ್ಟು ಅಲ್ಲಿಗೇ ಮುಗಿಯುತ್ತದೆ, ಟೆರೇಸಿಗೆ ಮೆಟ್ಟಿಲೇ ಗತಿ. ಆ ಮೆಟ್ಟಿಲುಗಳನ್ನು ನಾನು ಬೇರೆಯವರಿಗೆ ಇನ್ನೂರು ಎಂದು ಹೇಳುವುದುಂಟು. ಇಪ್ಪತ್ತೆರಡು. ಅವತ್ತು ಒಂದೊಂದನ್ನೂ ಎಣಿಸಿದೆ.

"ಅಂಕಲ್, ಯಲ್ಲಾ, ಬೇಗ ಬೇಗ," ಎಂದಿತು ಹಿಂದಿನಿಂದ ಬಾವಲಿ.

"ತಾಳು. ದೊಡ್ಡವರು ನಿಧಾನ."

ಎಂಟನೆಯ ಮೆಟ್ಟಿಲಲ್ಲಿ ಬೆನ್ನಿನ ಕೆಳಗಿನ ಆಸರೆಯನ್ನು ಒಂದು ಇಂಚು ಸರಿಸಿದೆ. ಹನ್ನೆರಡನೆಯದರಲ್ಲಿ ಅವಳು ಒಮ್ಮೆ ಮೈ ಮುರಿದಳು. ನಿಂತೆ. ನನ್ನ ಕಿವಿ ಯಂತ್ರದ ಚೀತ್ಕಾರಕ್ಕಾಗಿ ಕಾಯಿತು. ಏನೂ ಕೂಗಲಿಲ್ಲ. ಅಲ್ಲಿ ಕೂಗಲು ಯಂತ್ರವೇ ಇರಲಿಲ್ಲ. ಅವಳ ಎದೆ ನನ್ನ ಮುಂಗೈಗೆ ತಾಗಿಕೊಂಡು ಏರುತ್ತಿತ್ತು, ಇಳಿಯುತ್ತಿತ್ತು. ಯಾರೂ ಹೇಳಿಕೊಡದೆ, ಯಾವ ತಂತಿಯೂ ಇಲ್ಲದೆ. ಇಷ್ಟು ದಿನ ಅದು ಹೀಗೇ ನಡೆಯುತ್ತಿತ್ತು ಎಂಬುದು ನನಗೆ ಆ ಮೆಟ್ಟಿಲ ಮೇಲೆ ಗೊತ್ತಾಯಿತು.

ಇಪ್ಪತ್ತೆರಡು. ಸುಲೈಮಾನ್ ಕಬ್ಬಿಣದ ಬಾಗಿಲನ್ನು ಎಳೆದು ತೆರೆದರು.

ಗಾಳಿ ಬಂತು.

ಸಮುದ್ರದ ಕಡೆಯಿಂದ ಬಂತು. ಅದರಲ್ಲಿ ಉಪ್ಪಿತ್ತು, ಯಾರದೋ ಮನೆಯ ಒಗ್ಗರಣೆಯಿತ್ತು, ದಿನವಿಡೀ ಕಾದ ಸಿಮೆಂಟು ಆರುತ್ತಿರುವ ವಾಸನೆಯಿತ್ತು. ಸಂಜನಾ ಮೊದಲು ಮುಖ ಕಿವುಚಿದಳು. ಉಸಿರು ಒಳಗೆಳೆದುಕೊಂಡವಳು ಬಿಡಲೇ ಇಲ್ಲ. ನಾನೂ ಬಿಡಲಿಲ್ಲ. ಆಮೇಲೆ ಅವಳ ಬಾಯಿ ನಿಧಾನವಾಗಿ ತೆರೆಯಿತು, ಕಣ್ಣು ತೆರೆಯಿತು. ಟೋಪಿಯ ಅಂಚಿನಿಂದ ಹೊರಗಿದ್ದ ನಾಲ್ಕು ಕೂದಲು ಎದ್ದು ನಿಂತವು. ಹುಟ್ಟಿದಾಗಿನಿಂದ ಮುಷ್ಟಿ ಕಟ್ಟಿಕೊಂಡೇ ಇದ್ದ ಕೈ ಬಿಚ್ಚಿಕೊಂಡಿತು. ಐದು ಬೆರಳೂ ಬೇರೆ ಬೇರೆಯಾದವು. ಬೆರಳ ಸಂದಿಯಲ್ಲಿ ಏನೋ ಹಾದುಹೋಗುತ್ತಿದೆ, ಆದರೆ ಹಿಡಿಯಲು ಸಿಗುತ್ತಿಲ್ಲ. ಅದು ಬಂದ ಕಡೆಗೆ ಮುಖ ತಿರುಗಿಸಿದಳು. ಅಲ್ಲಿ ಬಿಳಿ ಪೆಟ್ಟಿಗೆ ಇರಲಿಲ್ಲ. ಗೋಡೆಯೇ ಇರಲಿಲ್ಲ. ದೂರದ ಗೋಪುರಗಳ ಮೇಲೆ ಮೂವತ್ತು ಮಹಡಿ ಎತ್ತರದ ಚಿತ್ರಗಳಲ್ಲಿ ಫುಟ್‌ಬಾಲ್ ಆಟಗಾರರು ಬೆಳಕಿನಲ್ಲಿ ನಿಂತಿದ್ದರು. ಅವಳು ಅವರನ್ನು ನೋಡಲಿಲ್ಲ, ಅವರ ಮೇಲಿನ ಖಾಲಿ ಆಕಾಶವನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು, ಇದನ್ನೆಲ್ಲ ಮಾಡಿದವನು ನಾನೇ ಎಂಬಂತೆ.

ಜಗತ್ತಿನಲ್ಲಿ ಯಾರಾದರೂ ಹಾಗೆ ನೋಡಲಿ ಎಂದೇ ನಾನು ಇಷ್ಟು ವರ್ಷ ಮಾತಾಡಿಕೊಂಡು ಬಂದಿದ್ದೆ.

"ನನ್ನದಲ್ಲ ಪುಟ್ಟಿ," ಎಂದೆ. "ಇದು ನಾನು ಮಾಡಿದ್ದಲ್ಲ."

ಹಿಂದಿದ್ದ ಮಕ್ಕಳು ಗದ್ದಲ ಮರೆತು ಸುತ್ತ ಬಂದು ನಿಂತರು. ಒಬ್ಬಳು ಮಾಟಗಾತಿ ಬೆರಳು ಚಾಚಿ ಅವಳ ಅಂಗೈ ಮುಟ್ಟಿ, "ಆಂಟಿ, ಶೀ ಈಸ್ ಈಟಿಂಗ್ ದ ಗಾಳಿ," ಎಂದು ಪಿಸುಗುಟ್ಟಿದಳು. ಎಡ್ನಾ ಕುರ್ಚಿಯಿಂದ ಎದ್ದು ಬಂದರು.

"ಕೊಡು ಗಿರಿ, ಕೈ ನೋಯ್ತದೆ ನಿಂಗೆ. ನಾಲ್ಕೂವರೆ ಕಿಲೋ ಹುಟ್ಟಿದ ಪಿಳ್ಳೆ, ಈಗ ಎಷ್ಟಾಗಿರಬೇಕು."

"ನೋಯ್ತಾ ಇಲ್ಲ. ಈಗಲೂ ನಾಲ್ಕೇ ಕೆಜಿ," ಎಂದೆ. "ಹುಟ್ಟಿದಾಗ ಒಂದು ಕೆಜಿ ಆರುನೂರು ಗ್ರಾಂ."

ಸುಲೈಮಾನ್ ಜೋರಾಗಿ ನಕ್ಕರು. "ಶುರು ಆಯ್ತು ನೋಡಿ. ಅಷ್ಟು ತೂಕದ್ದು ನನ್ನ ಅಂಗಡಿಯಲ್ಲಿ ಕೋಳಿ ಬರ್ತದೆ ಮಾರಾಯ್ರೇ. ಮಗು ಬರ್ತದಾ?"

ಎಲ್ಲರೂ ನಕ್ಕು ಜಾಹ್ನವಿಯ ಕಡೆ ತಿರುಗಿದರು. ಹದಿನಾರು ಮನೆಯವರಿಗೂ ಅವಳು ತಿದ್ದುವುದು ಅಭ್ಯಾಸವಾಗಿತ್ತು. ಅವಳು ನೀರಿನ ಟ್ಯಾಂಕಿನ ಪಕ್ಕ ಕುಂಬಳಕಾಯಿಗೆ ದೀಪ ಹಚ್ಚುತ್ತಿದ್ದಳು.

"ಈ ಸಲ ತಿದ್ದೋದೇನೂ ಇಲ್ಲ," ಎಂದಳು.

ನಗು ನಿಂತಿತು. ಸುಲೈಮಾನ್ ಹತ್ತಿರ ಬಂದು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಬಾಗಿ ಮಗುವನ್ನು ಬಹಳ ಹೊತ್ತು ನೋಡಿದರು. "ಮಾಶಾ ಅಲ್ಲಾಹ್," ಎಂದರು, ತನಗೇ ಹೇಳಿಕೊಂಡಂತೆ.

ನನ್ನ ಕುಂಬಳಕಾಯಿ ತಮ್ಮನ ಮುಖದೊಳಗಿನ ದೀಪ ಆರು ಸಲ ಆರಿತು. ಅಷ್ಟು ಲೆಕ್ಕ ಹಾಕಿ ಕೊರೆದ ತೂತುಗಳಿಂದಲೇ ಗಾಳಿ ನುಗ್ಗಿ ಆರಿಸಿತು. ಆರಿದಾಗಲೆಲ್ಲ ಮಕ್ಕಳು ಕಿರುಚಿದರು, ಜಾಹ್ನವಿ ಮತ್ತೆ ಹಚ್ಚಿದಳು. ಮುಂದಿನ ವರ್ಷವೂ ಇದೇ ದಿನ, ಗಾಳಿ ತಿರುಗುವ ಹೊತ್ತಿಗೆ, ಇವಳನ್ನು ಇಲ್ಲಿಗೆ ತರಬೇಕು ಎಂದಳು. ಆಗ ಇವಳೇ ಹತ್ತಿ ಬರಬಹುದು ಎಂದರು ಎಡ್ನಾ. ಬೇಡ, ನಾನೇ ಎತ್ತಿಕೊಂಡು ಬರುತ್ತೇನೆ ಎಂದೆ.

ಮನೆಗೆ ಇಳಿದ ಮೇಲೆ ಜಾಹ್ನವಿ ಏಸಿ ರಿಮೋಟಿಗೆ ಕೈ ಚಾಚಿದಳು. ಬೇಡ ಎಂದೆ. ಮೇ ತಿಂಗಳಲ್ಲಿ ಧೂಳು ಬಾರದಂತೆ ಮುಂಕೋಣೆಯ ಕಿಟಕಿಗೆ ಹಚ್ಚಿದ್ದ ಟೇಪನ್ನು ಅವಳೇ ಕಿತ್ತು, ಕಿಟಕಿ ತೆರೆದಳು. ಆಮೇಲೆ ನನ್ನ ಕೈಯನ್ನೂ ಮಗುವನ್ನೂ ಒಮ್ಮೆ ನೋಡಿ, ಟವೆಲು ತೆಗೆದುಕೊಂಡು ಸ್ನಾನಕ್ಕೆ ಹೋದಳು. ಬಾಗಿಲು ಮುಚ್ಚಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಅವಳು ಮೂರು ಗಂಟೆ ಸ್ನಾನ ಮಾಡಿದಳು, ಕಟ್ಟಡದ ಟ್ಯಾಂಕು ಖಾಲಿಯಾಯಿತು ಎಂದು ಮರುದಿನ ಎಲ್ಲರಿಗೂ ಹೇಳಿದೆ. ನಲವತ್ತು ನಿಮಿಷ. ಅಷ್ಟು ಹೊತ್ತೂ ನಾನು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ನಿಂತಿದ್ದೆ.